ಹೊಸ ಸಿಎಂ ಬಂದ್ರೂ ಏನೂ ಅನ್ನಿಸ್ತಿಲ್ಲ, ನನಗೊಬ್ಬನಿಗೇನಾ?

ಕಲ್ಪತರು_ಹುಡುಗ · ಮೇ 23, 2023

ಎಲ್ರಿಗೂ ನಮಸ್ಕಾರ. ಇದನ್ನ ಆಫೀಸಲ್ಲಿ ಹೇಳಿದ್ರೆ ಒಂದು ಪಾರ್ಟಿ ಅಂತಾರೆ, ಊರಲ್ಲಿ ಹೇಳಿದ್ರೆ ಇನ್ನೊಂದು ಪಾರ್ಟಿ ಅಂತಾರೆ, ಅದಕ್ಕೆ ಇಲ್ಲಿ ಕೇಳ್ತಿದೀನಿ. 13ಕ್ಕೆ ರಿಸಲ್ಟ್ ಬಂತು, ಕಾಂಗ್ರೆಸ್‌ಗೆ 135, ಆಮೇಲೆ ಸಿಎಂ ಯಾರು ಅಂತ ದಿಲ್ಲಿಯಲ್ಲಿ ಮೀಟಿಂಗ್ ಮೇಲೆ ಮೀಟಿಂಗ್, ಕೊನೆಗೆ ಶನಿವಾರ ಕಂಠೀರವದಲ್ಲಿ ಸಿದ್ದರಾಮಯ್ಯ ಪ್ರಮಾಣವಚನ ತಗೊಂಡ್ರು, ಡಿಕೆಶಿ ಡಿಸಿಎಂ ಆದ್ರು. ನನಗೆ ಏನಂದ್ರೆ ಏನೂ ಅನ್ನಿಸ್ಲಿಲ್ಲ. ಖುಷಿನೂ ಇಲ್ಲ, ಬೇಜಾರೂ ಇಲ್ಲ. ಸೋತವರ ಮೇಲೆ ಪ್ರೀತಿ ಇದೆ ಅಂತ ಅಂದ್ಕೋಬೇಡಿ, ಅದೂ ಇಲ್ಲ.

2013ರಲ್ಲಿ ಹಿಂಗಿರ್ಲಿಲ್ಲ. ಆಗ ನಂದು ಮೊದಲ್ನೇ ಅಸೆಂಬ್ಲಿ ಓಟು. ಅದಕ್ಕೂ ಮುಂಚೆ ಐದು ವರ್ಷದಲ್ಲಿ ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್ ಅಂತ ಮೂರು ಜನ ಸಿಎಂ, ರೆಸಾರ್ಟು, ಗಣಿ, ಲೋಕಾಯುಕ್ತ ರಿಪೋರ್ಟು ಎಲ್ಲಾ ನೋಡಿ ಸಾಕಾಗಿತ್ತು. ಇದೇ ಸಿದ್ದರಾಮಯ್ಯ ಇದೇ ಕಂಠೀರವದಲ್ಲಿ ಪ್ರಮಾಣ ತಗೊಂಡು ಅವತ್ತೇ ಒಂದು ರೂಪಾಯಿಗೆ ಕೆಜಿ ಅಕ್ಕಿ ಅಂದಾಗ ಹಾಸ್ಟೆಲ್ ರೂಮಲ್ಲಿ ಶಿಳ್ಳೆ ಹೊಡೆದಿದ್ದೆ. ಅಕ್ಕಿ ಕೊಟ್ರು, ಸುಳ್ಳು ಹೇಳ್ಬಾರ್ದು, ಐದು ವರ್ಷ ಪೂರ್ತಿನೂ ಮಾಡಿದ್ರು, ದೇವರಾಜ ಅರಸು ಆದ್ಮೇಲೆ ಹಂಗೆ ಫುಲ್ ಟರ್ಮ್ ಮುಗಿಸಿದ್ದು ಅವರೇ. ಆದ್ರೆ 2016ರಲ್ಲಿ ಲೋಕಾಯುಕ್ತ ಪೊಲೀಸರ ಪವರ್ ಕಿತ್ಕೊಂಡು ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿದ್ದೂ ಅವರದ್ದೇ ಸರ್ಕಾರ. ಗಣಿ ವಿಷಯದಲ್ಲಿ ಯಾವ ಲೋಕಾಯುಕ್ತದ ಹೆಸರು ಹೇಳ್ಕೊಂಡು ಬಳ್ಳಾರಿಗೆ ಪಾದಯಾತ್ರೆ ಹೋಗಿದ್ರೋ ಅದಕ್ಕೇ ಹಲ್ಲು ಕಿತ್ತಿದ್ದು. ಸರಿ ಆಮೇಲೆ ಬಂದೋರಾದ್ರೂ ಸರಿ ಮಾಡಿದ್ರಾ? ಇಲ್ಲ, ಕುಮಾರಸ್ವಾಮಿ ಬಂದ್ರು, ಯಡಿಯೂರಪ್ಪ ಬಂದ್ರು, ಬೊಮ್ಮಾಯಿ ಬಂದ್ರು, ಎಸಿಬಿ ಹಾಗೇ ಇತ್ತು, ಹೋದ್ ವರ್ಷ ಆಗಸ್ಟಲ್ಲಿ ಹೈಕೋರ್ಟೇ ರದ್ದು ಮಾಡ್ಬೇಕಾಯ್ತು. ನನಗೆ ಅಲ್ಲಿಂದ ಒಂಥರಾ ಆಗೋಯ್ತು. ಎದುರು ಬದುರು ನಿಂತು ಬೈದಾಡ್ಕೋತಾರೆ, ತಮ್ಮ ಕುತ್ತಿಗೆಗೆ ಬರೋ ವಿಷಯ ಬಂದ್ರೆ ಮೂರೂ ಪಾರ್ಟಿದೂ ಒಂದೇ ಅಭಿಪ್ರಾಯ.

ಊರಲ್ಲಿ ನಮ್ಮಪ್ಪ ಪಟಾಕಿ ಹೊಡೆದಿದಾರೆ. ತಿಪಟೂರಲ್ಲಿ ಶಿಕ್ಷಣ ಮಂತ್ರಿಯಾಗಿದ್ದೋರೇ ಸೋತ್ರಲ್ಲ, ಆ ಜೋಶು. ಫೋನ್ ಮಾಡಿ ಅರ್ಧ ಗಂಟೆ ಯಾವ ಬೂತಲ್ಲಿ ಎಷ್ಟು ಲೀಡು ಅಂತ ಹೇಳಿದ್ರು. ಅಪ್ಪಾ ಕೊಬ್ಬರಿ ಏನ್ ಮಾಡಿದ್ರಿ ಅಂದೆ, ಸುಮ್ನಾದ್ರು. ಬೆಂಬಲ ಬೆಲೆ ಕ್ವಿಂಟಲ್‌ಗೆ 11,750, ಮಾರ್ಕೆಟಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿಗೆ ಕೇಳ್ತಾರೆ, ಅಟ್ಟದ ಮೇಲೆ ಕಾಯಿ ಹಂಗೇ ಬಿದ್ದಿದೆ, ಪಟಾಕಿಗೆ ಮಾತ್ರ ದುಡ್ಡಿತ್ತು.

ಪ್ರಮಾಣವಚನ ಆಗಿ ಮಾರನೇ ದಿನ ಬೆಂಗ್ಳೂರಲ್ಲಿ ಮಳೆ ಬಂತು, ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಕಾರು ಮುಳುಗಿ ಒಬ್ಬ ಹುಡುಗಿ ಸತ್ತೋದ್ಲು, ವಿಧಾನಸೌಧದಿಂದ ನಡ್ಕೊಂಡ್ ಹೋಗೋ ದೂರ. ಸಿಎಂ ಆಸ್ಪತ್ರೆಗೆ ಹೋದ್ರು, ಐದು ಲಕ್ಷ ಪರಿಹಾರ ಅಂದ್ರು. ಒಂದು ದಿನದ ಸಿಎಂ ಮೇಲೆ ತಪ್ಪು ಹೊರಿಸೋಕಾಗಲ್ಲ, ಗೊತ್ತು. ಆದ್ರೆ ಟಿವಿಯಲ್ಲಿ ಆ ದೃಶ್ಯ ನೋಡ್ತಾ ಸಿಎಂ ಜಾಗದಲ್ಲಿ ಬೇರೆ ಯಾರಿದ್ರೂ ಇದೇ ಶಾಟು, ಇದೇ ಐದು ಲಕ್ಷ, ಇದೇ ‘ತನಿಖೆ ಮಾಡಿಸ್ತೀವಿ’ ಅನ್ನಿಸ್ತು.

ನನ್ನ ಪ್ರಶ್ನೆ ಇಷ್ಟೆ. ಇದು ಬುದ್ಧಿ ಬಂದಿರೋದಾ ಇಲ್ಲಾ ಸೋಮಾರಿತನಾನಾ? ನಿಮಗೂ ಹಿಂಗೇ ಆಗಿದ್ಯಾ? ದಯವಿಟ್ಟು ಪಾರ್ಟಿ ಜಗಳ ಬೇಡ.

---

ವರುಣಾ_ವಾಸು

ಗುರು, ನಿಂಗೆ ಏನೂ ಅನ್ನಿಸ್ತಿಲ್ಲ ಅಂದ್ರೆ ತಿಂಗಳ ಸಂಬಳ ಟೈಮಿಗೆ ಸರಿಯಾಗಿ ಬೀಳ್ತಿದೆ ಅಂತ ಅರ್ಥ. ಬೇಜಾರ್ ಮಾಡ್ಕೋಬೇಡ.

ನಮ್ಮನೇಲಿ ಅನ್ನಿಸ್ತು. ಅಮ್ಮ ಕಣ್ಣಲ್ಲಿ ನೀರು ಹಾಕೊಂಡ್ರು. ಏಳು ಕೆಜಿ ಕೊಡ್ತಿದ್ದಿದ್ದು ಇವರು ಹೋದ್ಮೇಲೆ ಐದು ಕೆಜಿಗೆ ಇಳೀತಲ್ಲ, ಆ ಎರಡು ಕೆಜಿ ವ್ಯತ್ಯಾಸ ನಿನ್ನಂಥೋರಿಗೆ ಪೇಪರಲ್ಲಿ ಒಂದು ಸಾಲು, ನಮ್ಮಮ್ಮಂಗೆ ತಿಂಗಳ ಕೊನೇ ವಾರ. ಲಾಕ್‌ಡೌನಲ್ಲಿ ಆ ಕೊನೇ ವಾರ ಹೆಂಗಿತ್ತು ಅಂತ ನಂಗೊತ್ತು. ಎಲ್ಲಾ ಒಂದೇ, ಯಾರು ಬಂದ್ರೂ ಒಂದೇ ಅನ್ನೋ ಮಾತು ಕೇಳಿದ್ರೆ ಮೈ ಉರಿಯುತ್ತೆ, ಒಂದೇ ಅಲ್ಲ, ರೇಷನ್ ಅಂಗಡಿ ತಕ್ಕಡಿ ಮುಂದೆ ನಿಂತ್ಕೊಂಡ್ರೆ ಗೊತ್ತಾಗುತ್ತೆ.

ಎಸಿಬಿ ವಿಷಯ ನೀನು ಹೇಳಿದ್ದು ಒಪ್ತೀನಿ. ಸಿದ್ದರಾಮಯ್ಯಂಗೆ ಗಿಫ್ಟ್ ಬಂದ ಆ ದುಬಾರಿ ವಾಚ್ ವಿಷಯನೂ ಒಪ್ತೀನಿ (ನೀನು ಬರೀಲಿಲ್ಲ, ಇನ್ನೊಬ್ಬ ಬಂದು ಬರೀತಾನೆ, ಅದಕ್ಕೆ ನಾನೇ ಬರೆದೆ, ಅದನ್ನ ಸರ್ಕಾರಕ್ಕೆ ಕೊಟ್ಟಾಯ್ತು). ಆದ್ರೂ ನಮಗೆ ಅವರು ಬೇಕು.

---

ಹುಬ್ಳಿ_ಮಂದಿ

ಅಲ್ರೀ ಕಲ್ಪತರು ಅವರ, ನಿಮಗ ಈಗ ಅನಸಾಕತ್ತೈತಿ, ನಮ್ಮ ಕಡೆ ಮಂದಿಗೆ ಇದು ಹಳೇ ಜಡ್ಡು. ನಮ್ಮ ಹುಬ್ಳಿ-ಧಾರವಾಡ ಸೆಂಟ್ರಲ್ ಕ್ಷೇತ್ರದ ಕತಿ ಕೇಳ್ರಿ. ಜಗದೀಶ ಶೆಟ್ಟರ್ ಆರು ಸಲ ಆರಿಸಿ ಬಂದಾವ್ರು, ಮುಖ್ಯಮಂತ್ರಿ ಆಗಿದ್ದಾವ್ರು. ಏಪ್ರಿಲ್‌ದಾಗ ಟಿಕೆಟ್ ಕೊಡಲಿಲ್ಲ ಅಂತ ಕಮಲ ಬಿಟ್ಟು ಕೈ ಹಿಡದ್ರು. ಹೋದ ತಿಂಗಳ ತನಕ ಯಾರನ್ನ ಬೈತಿದ್ರೋ ಅವರ ಶಾಲು ಹಾಕ್ಕೊಂಡು ನಮ್ಮ ಓಣ್ಯಾಗ ಬಂದು ಕೈ ಮುಗದ್ರು. ನಮ್ಮ ಕಾಕಾ ಇಪ್ಪತ್ತು ವರ್ಷ ಅವರ ಹಿಂದ ಧ್ವಜ ಹಿಡದ್ ಮನಷ್ಯಾ, ಬಾಗಲಾ ತಗದು ಒಳಗ ಕರದು ಚಾ ಕೊಟ್ಟ, ಓಟ್ ಕೊಡ್ಲಿಲ್ಲ. 34 ಸಾವಿರದ ಮ್ಯಾಲ ಸೋತ್ರು. ಅತ್ತಾಗ ಅಥಣ್ಯಾಗ ಸವದಿ ಅದೇ ಕೆಲಸ ಮಾಡಿ ಆರಿಸಿ ಬಂದ್ರು. ಹಂಗಾರ ಮಂದಿ ತತ್ವ ನೋಡಿ ಓಟ್ ಹಾಕ್ತಾರ ಅಂತೀರೋ, ಮನಷ್ಯಾನ ನೋಡಿ ಹಾಕ್ತಾರ ಅಂತೀರೋ, ನನಗಂತೂ ಲೆಕ್ಕ ಹತ್ತವಲ್ದು.

ಇನ್ನ ಮಹದಾಯಿ ನದಿ ನೀರು. 2015ರಾಗ ನರಗುಂದದಾಗ ರೈತರು ಕುಂತ್ರು, ವರ್ಷಗಟ್ಟಲೆ ಕುಂತ್ರು. 2018ರಾಗ ಟ್ರಿಬ್ಯುನಲ್ ತೀರ್ಪ ಬಂತು, 13.42 ಟಿಎಂಸಿ. ಇಲೆಕ್ಷನ್ ಬಂದಾಗೊಮ್ಮೆ ಎಲ್ಲಾ ಪಾರ್ಟಿಯವರೂ ಕಳಸಾ ಬಂಡೂರಿ ಅಂತಾರ. ನೀರ ಮಾತ್ರ ಇನ್ನೂ ಮಲಪ್ರಭಾಕ್ಕ ಬಂದಿಲ್ಲ. ಹಿಂಗಾಗಿ ಹೊಸಾ ಸಿಎಂ ಬಂದ್ರ ನಾವು ಪೇಡೆ ತಿಂತೀವಿ, ಮತ್ತ ನಮ್ಮ ಕೆಲಸಾ ನಾವು ನೋಡ್ಕೋತೀವಿ.

---

ಕಾಂಪ್ಲೆಕ್ಸ್_ಕಾಫಿ

ನಾನು ಓಟೇ ಹಾಕಿಲ್ಲ ಬ್ರೋ, ಪೀಸ್‌ಫುಲ್ಲಾಗಿದೀನಿ. ನಾನೊಬ್ಬ ಹಾಕಿದ್ರೆ ಏನಾಗ್ತಿತ್ತು.

---

ವರುಣಾ_ವಾಸು

@ಕಾಂಪ್ಲೆಕ್ಸ್_ಕಾಫಿ ಯಾವ ಕಾಂಪ್ಲೆಕ್ಸು? ಜಯನಗರ ಕಾಂಪ್ಲೆಕ್ಸ್ ಅಲ್ಲ ತಾನೇ?

---

ಕಾಂಪ್ಲೆಕ್ಸ್_ಕಾಫಿ

ಹೂಂ, ಫೋರ್ತ್ ಬ್ಲಾಕ್. ಯಾಕೆ

---

ವರುಣಾ_ವಾಸು

ಹದಿನಾರು ಓಟಲ್ಲಿ ಕಾಂಗ್ರೆಸ್ ಸೋತಿದ್ದಲ್ಲೋ ನಿಮ್ ಕ್ಷೇತ್ರದಲ್ಲಿ! ಮಧ್ಯರಾತ್ರಿವರೆಗೂ ರೀಕೌಂಟ್ ಮಾಡಿದ್ರು, ಇಡೀ ರಾಜ್ಯ ನಿದ್ದೆಗೆಟ್ಟು ನೋಡ್ತಿತ್ತು, ನೀನು ಪೀಸ್‌ಫುಲ್ಲಾಗಿ ಕಾಫಿ ಕುಡೀತಿದ್ಯಾ? ನಿನ್ನ ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಒಂದೆರಡು ಟ್ರಿಪ್ಪು ಜನ ಸಾಕಿತ್ತು.

---

ನಿವೃತ್ತ_ಶಿರಸ್ತೇದಾರ

ಜಯನಗರದ ಹದಿನಾರು ಬಿಡಿ, 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಒಂದೇ ಒಂದು ಓಟಲ್ಲಿ ಸೋತವರು, ಧ್ರುವನಾರಾಯಣ ಅವರ ಎದುರು. ಅವರ ಕಾರ್ ಡ್ರೈವರೇ ಡ್ಯೂಟಿಯಲ್ಲಿದ್ದು ಓಟು ಹಾಕೋಕಾಗ್ಲಿಲ್ಲ ಅಂತ ಚಾಮರಾಜನಗರದ ಕಡೆ ಇವತ್ತಿಗೂ ಹೇಳ್ತಾರೆ. ಅದೇ ಮನುಷ್ಯ ಈ ಸಲ ಕೊಳ್ಳೇಗಾಲದಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಲೀಡಲ್ಲಿ ಗೆದ್ದಿದ್ದಾರೆ.

ಈಗ ಮೂಲ ಪ್ರಶ್ನೆಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದೋ ತಾಳ್ಮೆ ಇದ್ದವರು ಓದಿ.

ನಾನು ರೆವಿನ್ಯೂ ಇಲಾಖೆಯಲ್ಲಿ ಸರ್ವೀಸ್ ಮುಗಿಸಿದವನು. ಸರ್ಕಾರ ಬದಲಾದ್ರೆ ತಾಲ್ಲೂಕು ಆಫೀಸಲ್ಲಿ ಏನಾಗುತ್ತೆ ಅಂತ ಟಿವಿಯವರು ತೋರಿಸಲ್ಲ. ಮೊದಲ ಒಂದೆರಡು ವಾರ ಯಾರೂ ಯಾವ ಫೈಲಿಗೂ ಸೈನ್ ಹಾಕಲ್ಲ, ಸಾಹೇಬ್ರು ಇರ್ತಾರೋ ಎತ್ತಂಗಡಿ ಆಗ್ತಾರೋ ಗೊತ್ತಿಲ್ಲದೆ. ಆಮೇಲೆ ಹೊಸ ಎಂಎಲ್‌ಎ ಕಡೆಯವರ ಫೋನು ಶುರು, ಇಂಥಾ ತಹಶೀಲ್ದಾರ್ ಬೇಕು, ಇಂಥಾ ಸರ್ಕಲ್ ಇನ್ಸ್‌ಪೆಕ್ಟರ್ ಬೇಕು, ಇಂಥಾ ಆರ್‌ಐ ಬೇಡ. ವರ್ಗಾವಣೆ ಸೀಸನ್ನೂ ಸರಿಯಾಗಿ ಇದೇ ಟೈಮಿಗೆ ಬರುತ್ತೆ. ಗೆದ್ದ ಪಾರ್ಟಿ ಯಾವುದೇ ಆಗ್ಲಿ, ನಾನು ನೋಡಿದ ಅಷ್ಟೂ ಸರ್ಕಾರದಲ್ಲಿ ಈ ಕ್ರಮ ಒಂಚೂರೂ ತಪ್ಪಿಲ್ಲ.

ಇನ್ನೊಂದು ಬಗರ್ ಹುಕುಂ. ಸರ್ಕಾರಿ ಜಮೀನಲ್ಲಿ ಸಾಗುವಳಿ ಮಾಡ್ಕೊಂಡಿರೋರಿಗೆ ಸಕ್ರಮ ಮಾಡ್ಕೊಡೋ ಸಮಿತಿ ಅಂತ ಇದೆ, ಅದಕ್ಕೆ ಎಂಎಲ್‌ಎ ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ, ಮಿಕ್ಕ ಮೆಂಬರುಗಳನ್ನ ಸರ್ಕಾರ ನಾಮಿನೇಟ್ ಮಾಡುತ್ತೆ. ಸರ್ಕಾರ ಹೋಯ್ತು ಅಂದ್ರೆ ಆ ನಾಮಿನೇಟೆಡ್ ಮೆಂಬರುಗಳೂ ಹೋದ್ರು, ಹೊಸ ಸಮಿತಿ ಆಗೋ ತನಕ ಮೀಟಿಂಗ್ ಇಲ್ಲ. ಹೊಸ ಸಮಿತಿಗೆ ಯಾರನ್ನ ಹಾಕೋದು ಅಂತ ಪಾರ್ಟಿ ಒಳಗೆ ಗುದ್ದಾಟ, ಅದು ಮುಗಿಯೋಕೆ ಕೆಲವು ಕಡೆ ವರ್ಷ ಹಿಡಿಯುತ್ತೆ. ಫಾರಂ 50, 53, 57 ಅಂತ ಮೂರು ತಲೆಮಾರಿನ ಅರ್ಜಿಗಳು ಕಟ್ಟು ಕಟ್ಟಿ ಇಟ್ಟಿರ್ತವೆ. ಫಾರಂ 53 ಅಂದ್ರೆ 98-99ರ ಕಾಲದ್ದು. ಅದರ ಸ್ವೀಕೃತಿ ಚೀಟಿನ ಒಬ್ಬ ಅಜ್ಜ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಟ್ಕೊಂಡಿದ್ದ, ಮಡಿಸೋ ಜಾಗದಲ್ಲಿ ಹರಿದು ಸೆಲೋಟೇಪ್ ಹಾಕಿದ್ದ, ಟೇಪೂ ಹಳದಿ ಆಗಿತ್ತು, ಸೀಲ್ ಮೇಲಿನ ತಾರೀಕು ಓದೋಕೆ ಬರ್ತಿರ್ಲಿಲ್ಲ. ಪ್ರತಿ ಇಲೆಕ್ಷನ್ ಆದ್ಮೇಲೂ ಬರ್ತಿದ್ದ. ‘ಹೊಸಾ ಸರ್ಕಾರ ಬಂತಲ್ಲ ಸ್ವಾಮಿ, ಈಗ ಆಯ್ತದಾ?’ ಸಮಿತಿ ಆಗ್ಲಿ ತಾತ ಅಂತಿದ್ವಿ. ಅವನ ಮಗ ಬರೋಕೆ ಶುರು ಮಾಡಿದ ಹೊತ್ತಿಗೆ ನಾನು ರಿಟೈರ್ ಆದೆ.

ಅದಕ್ಕೇ ಹೇಳೋದು, ಕಲ್ಪತರು ಅವರೇ, ನಿಮಗೆ ಸಿಎಂ ಬಗ್ಗೆ ಏನೂ ಅನ್ನಿಸದೇ ಇರೋದ್ರಲ್ಲಿ ನನಗೇನೂ ತಪ್ಪು ಕಾಣಲ್ಲ. ನನಗೂ ಅನ್ನಿಸಲ್ಲ. ಆದ್ರೆ ಒಂದು ನೋಡಿ. ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಲ್ಲಿ ಮುಗೀತು, ಇವತ್ತಿನ ತನಕ ಚುನಾವಣೆ ಇಲ್ಲ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ 2021ರಲ್ಲಿ ಮುಗೀತು, ಅದಕ್ಕೂ ಇಲ್ಲ. ಎಲ್ಲಾ ಕಡೆ ಆಡಳಿತಾಧಿಕಾರಿ. ಅಂಡರ್‌ಪಾಸಲ್ಲಿ ನೀರು ನಿಂತ್ರೆ ಕೇಳೋಕೆ ಒಬ್ಬ ಕಾರ್ಪೊರೇಟರ್ ಇಲ್ಲದ ಊರಲ್ಲಿ ನಾವು ಸಿಎಂ ಮುಖ ನೋಡಿ ಖುಷಿ ಪಡ್ಬೇಕೋ ಬೇಡ್ವೋ ಅಂತ ಚರ್ಚೆ ಮಾಡ್ತಿದ್ದೀವಿ. ಈ ಸರ್ಕಾರ ಆ ಚುನಾವಣೆ ಮಾಡುತ್ತಾ? ನಾನು ಕಾಯ್ತಿರೋದು ಅದಕ್ಕೆ. ನನ್ನ ಅನುಭವದಲ್ಲಿ ಯಾವ ಎಂಎಲ್‌ಎಗೂ ತನ್ನ ಕೆಳಗೆ ಇನ್ನೊಬ್ಬ ಓಟು ತಗೊಂಡು ಬರೋದು ಇಷ್ಟ ಇಲ್ಲ.

ನಿನ್ನೆ ಇನ್ನೊಂದು ಆದೇಶ ಬಂತು, ಹಿಂದಿನ ಸರ್ಕಾರದ ಕಾಮಗಾರಿ, ಬಿಲ್ ಪೇಮೆಂಟ್ ತಡೆ ಹಿಡೀರಿ ಅಂತ. 40 ಪರ್ಸೆಂಟ್ ಕಮಿಷನ್ ಆರೋಪ ಇರೋವಾಗ ತನಿಖೆ ಮಾಡ್ಲಿ, ಬೇಡ ಅನ್ನಲ್ಲ. ನಮ್ಮ ಬೀದಿಯಲ್ಲಿ ಚರಂಡಿ ಅಗೆದು ಬಿಟ್ಟಿದ್ದಾರೆ, ಜಲ್ಲಿ ನಮ್ಮ ಗೇಟ್ ಮುಂದೆನೇ ಸುರಿದಿದ್ದಾರೆ, ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಈ ಮಳೆಗಾಲ ಪೂರ್ತಿ ನಾನು ಹಲಗೆ ಮೇಲೆ ದಾಟ್ಕೊಂಡು ಹಾಲು ತರಬೇಕು.

---

ಕಲ್ಪತರು_ಹುಡುಗ

ಸರ್, ಇಷ್ಟು ಬರೆದಿದ್ದಕ್ಕೆ ಥ್ಯಾಂಕ್ಸ್. ಬಗರ್ ಹುಕುಂ ಸಮಿತಿ ಸರ್ಕಾರದ ಜೊತೆನೇ ಹೋಗುತ್ತೆ ಅಂತ ನಿಜವಾಗ್ಲೂ ಗೊತ್ತಿರ್ಲಿಲ್ಲ, ನಮ್ಮ ದೊಡ್ಡಪ್ಪಂದೂ ಒಂದು ಅರ್ಜಿ ಇದೆ.

@ವರುಣಾ_ವಾಸು ಅಣ್ಣ, ಸಂಬಳದ ಮಾತು ಚುಚ್ಚಿತು, ಆದ್ರೆ ಪೂರ್ತಿ ಒಪ್ಪಲ್ಲ. ಅಕ್ಕಿ ಸಿಕ್ತು ಅನ್ನೋದಕ್ಕೂ ಮನುಷ್ಯನ್ನ ದೇವ್ರು ಮಾಡೋದಕ್ಕೂ ನಡುವೆ ಜಾಗ ಇದೆಯಲ್ಲ, ನಾನು ಆ ಜಾಗದಲ್ಲಿ ನಿಂತಿದೀನಿ. ಗ್ಯಾರಂಟಿ ಐದೂ ಕೊಡ್ಲಿ, ನಾನೇನು ಅಡ್ಡ ಬರಲ್ಲ, ವರ್ಷಕ್ಕೆ 50 ಸಾವಿರ ಕೋಟಿ ಬೇಕಾಗುತ್ತೆ ಅಂತ ಸಿಎಂ ಅವರೇ ಹೇಳಿದಾರೆ, ಎಲ್ಲಿಂದ ತರ್ತಾರೆ ಅಂತ ಕೇಳಿದ್ರೆ ನನ್ನನ್ನ ಬಡವರ ವಿರೋಧಿ ಅಂತಾರೆ, ಅಷ್ಟೇ ನನ್ನ ಕಷ್ಟ. ಅತ್ತ ಕಡೆಯವರ ಹತ್ರ ಹೋಗಿ 2019ರಲ್ಲಿ ಸಮ್ಮಿಶ್ರ ಸರ್ಕಾರ ಬೀಳಿಸಿದ ಹದಿನೇಳು ಎಂಎಲ್‌ಎಗಳಲ್ಲಿ ಸುಮಾರು ಜನನ ಮುಂಬೈ ಹೋಟೆಲಲ್ಲಿ ಇಟ್ಟಿದ್ದು ಯಾರ ದುಡ್ಡು ಅಂದ್ರೆ ದೇಶದ್ರೋಹಿ ಅಂತಾರೆ.

---

ಘಟ್ಟದ_ಕೆಳಗೆ

ಮಾರಾಯ್ರೆ, ಆ ಹದಿನೇಳರಲ್ಲಿ ಸುಮಾರು ಜನ ಈ ಸಲ ಮನೆಗೆ ಹೋಗಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ಸುಧಾಕರ್, ಹೊಸಕೋಟೆಯಲ್ಲಿ ಎಂಟಿಬಿ ನಾಗರಾಜ್, ಹಿರೇಕೆರೂರಲ್ಲಿ ಬಿ.ಸಿ. ಪಾಟೀಲ್. ಜನ ಮರೆಯುವುದಿಲ್ಲ ಅಂತ ಸಮಾಧಾನ ಮಾಡ್ಕೊಳ್ಳಿ. ಗೆದ್ದವರೂ ಉಂಟು, ಅದನ್ನ ಹೇಳಿದ್ರೆ ಸಮಾಧಾನ ಹೋಗ್ತದೆ.

1985ರಲ್ಲಿ ಹೆಗಡೆಯವರು ಗೆದ್ದಮೇಲೆ ಈ ರಾಜ್ಯದಲ್ಲಿ ಒಂದೇ ಒಂದು ಸರ್ಕಾರ ವಾಪಸ್ ಬಂದಿಲ್ಲ, ಗೊತ್ತುಂಟಲ್ಲ? ಐದು ವರ್ಷಕ್ಕೊಮ್ಮೆ ಓಡಿಸುವುದು ನಮಗೆ ಅಭ್ಯಾಸ. ನಿಮ್ಮ ಹಾಗೆ ಏನೂ ಅನ್ನಿಸದವರೇ ಜಾಸ್ತಿ ಇರ್ಬೇಕು, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ.

---

ಪೀಣ್ಯ_ಸೆಕೆಂಡ್_ಸ್ಟೇಜ್

ಇಷ್ಟು ಜನ ಗಂಡಸರು ಬರೆದಿದೀರಾ, ಬಸ್ಸಿನ ವಿಷಯ ಯಾರೂ ಎತ್ತಿಲ್ಲ ನೋಡಿ.

ನಾನು ಗಾರ್ಮೆಂಟ್ಸಲ್ಲಿ ಚೆಕಿಂಗ್ ಸೆಕ್ಷನ್ನಲ್ಲಿದೀನಿ. ನಮ್ಮ ಲೈನಲ್ಲಿ ಪ್ರಮಾಣವಚನದ ದಿನ ಸಿಎಂ ಯಾರು ಅಂತ ಯಾರೂ ಮಾತಾಡ್ಲಿಲ್ಲ, ಅವತ್ತೂ ಡ್ಯೂಟಿ ಇತ್ತು, ಊಟದ ಟೈಮಲ್ಲಿ ಎಲ್ಲರ ಪ್ರಶ್ನೆ ಒಂದೇ, ಯಾವತ್ತಿಂದ ಫ್ರೀ. ಬಿಎಂಟಿಸಿ ಆರ್ಡಿನರಿ ಪಾಸ್ 1,050 ರೂಪಾಯಿ ತಿಂಗಳಿಗೆ. ನಮ್ಮಲ್ಲಿ ಅರ್ಧ ಜನ ಪಾಸ್ ತಗೊಳ್ಳಲ್ಲ, ಒಂದೇ ಸಲ ಸಾವಿರ ರೂಪಾಯಿ ಎಲ್ಲಿಂದ ತರೋದು, ದಿನಾ ಟಿಕೆಟ್ ತಗೊಂಡು ಅದಕ್ಕಿಂತ ಜಾಸ್ತಿನೇ ಕೊಡ್ತಾರೆ, ಇಲ್ಲಾ ಎರಡು ಸ್ಟಾಪ್ ಮುಂಚೆನೇ ಇಳಿದು ನಡೀತಾರೆ. ಗೃಹಲಕ್ಷ್ಮಿ ಎರಡು ಸಾವಿರದ ಬಗ್ಗೆ ಈಗಾಗ್ಲೇ ಅತ್ತೆ ಸೊಸೆ ಜಗಳ ಶುರುವಾಗಿದೆ, ಮನೆ ಯಜಮಾನಿ ಅಂದ್ರೆ ಯಾರು ಅಂತ. ನಮ್ಮ ಸೂಪರ್‌ವೈಸರಮ್ಮ ರೇಷನ್ ಕಾರ್ಡಲ್ಲಿ ಯಾರ ಹೆಸರು ಮೇಲಿದೆ ಅಂತ ಮನೆಗೆ ಫೋನ್ ಮಾಡಿ ನೋಡಿಸಿದ್ರು.

ನನಗೂ ಲೀಡರ್ ಮೇಲೆ ನಂಬಿಕೆ ಅಂತೇನಿಲ್ಲ, ಕಲ್ಪತರು ಅವರೇ. ಶನಿವಾರ ಕ್ಯಾಬಿನೆಟ್ಟಲ್ಲಿ ಐದಕ್ಕೂ ಒಪ್ಪಿಗೆ ಆಯ್ತು ಅಂದ್ರು, ಸೋಮವಾರ ಬಸ್ ಹತ್ತಿದ್ರೆ ಕಂಡಕ್ಟರ್ ನಮಗಿನ್ನೂ ಆರ್ಡರ್ ಬಂದಿಲ್ಲಮ್ಮ ಅಂತಾರೆ, ಕೆಲವು ಕಡೆ ಟಿಕೆಟ್ ತಗೊಳಲ್ಲ ಅಂತ ಹೆಂಗಸರು ಜಗಳಾನೂ ಮಾಡಿದಾರೆ. ನಾನು ಮಾಡ್ಲಿಲ್ಲ. ಕಂಡಕ್ಟರ್ ಏನ್ ಮಾಡ್ತಾನೆ ಪಾಪ. ಆದ್ರೆ ಏನೂ ಅನ್ನಿಸ್ತಿಲ್ಲ ಅಂತ ನಾನು ಹೇಳಲ್ಲ. ಸಾವಿರದ ಐವತ್ತು ಉಳಿದ್ರೆ ಏನೇನ್ ಮಾಡ್ಬೋದು ಅಂತ ನಾನು ಲೆಕ್ಕ ಹಾಕಾಗಿದೆ, ಕೊಡಲಿಲ್ಲ ಅಂದ್ರೆ ಬೈಯ್ಯೋದಕ್ಕೂ ರೆಡಿ ಇದೀನಿ.

ಈಗ ನನ್ನ ಪ್ರಶ್ನೆ. ನನ್ನ ಪಾಸ್ 31ಕ್ಕೆ ಮುಗಿಯುತ್ತೆ. ಜೂನ್‌ದು ತಗೊಳ್ಳೋದಾ ಬೇಡ್ವಾ?

---

ವರುಣಾ_ವಾಸು

ತಗೋಬೇಡಿ ಅಕ್ಕ. ಜೂನ್ ಒಂದಕ್ಕೇ ಫ್ರೀ ಆಗುತ್ತೆ, ಬರೆದಿಟ್ಕೊಳಿ. ಕೊಟ್ಟ ಮಾತು ತಪ್ಪೋ ಮನುಷ್ಯ ಅಲ್ಲ ಅವರು.

---

ನಿವೃತ್ತ_ಶಿರಸ್ತೇದಾರ

ಅಮ್ಮಾ, ತಾತ್ವಿಕ ಒಪ್ಪಿಗೆ ಅಂದ್ರೆ ಆದೇಶ ಅಲ್ಲ. ತಾತ್ವಿಕ ಒಪ್ಪಿಗೆ ಆದ್ಮೇಲೆ ಹಣಕಾಸು ಇಲಾಖೆಗೆ ಹೋಗ್ಬೇಕು, ಆಮೇಲೆ ಮಾರ್ಗಸೂಚಿ, ಆಮೇಲೆ ಸಾರಿಗೆ ಇಲಾಖೆ ಆದೇಶ, ಅದು ಡಿಪೋಗೆ ಬಂದು ಕಂಡಕ್ಟರ್ ಕೈಗೆ ಸಿಗಬೇಕು. ಯಾವ ಬಸ್ಸಿಗೆ ಉಂಟು, ಯಾವ ಬಸ್ಸಿಗೆ ಇಲ್ಲ, ಯಾವ ಐಡಿ ತೋರಿಸ್ಬೇಕು ಅಂತ ಆದೇಶದಲ್ಲಿ ಬರೋ ತನಕ ಯಾರ ಮಾತೂ ನಂಬಬೇಡಿ, ನನ್ನದೂ ಸೇರಿಸಿ. ಜೂನ್ ಒಂದಕ್ಕೆ ಆಗಲ್ಲ ಅನ್ನೋದು ನನ್ನ ಅಂದಾಜು. ಆದ್ರೆ ಪೂರ್ತಿ ತಿಂಗಳೂ ಎಳೆಯಲ್ಲ, ಬಸ್ಸಿನದ್ದು ಕಣ್ಣಿಗೆ ಕಾಣೋ ಯೋಜನೆ, ಮೊದಲು ಅದನ್ನೇ ಮಾಡ್ತಾರೆ.

---

ಹುಬ್ಳಿ_ಮಂದಿ

ಇಬ್ರೂ ಉಲ್ಟಾ ಹೇಳಿದ್ರಲ್ಲೋ ಮಾರಾಯಾ, ಅಕ್ಕಾರು ಯಾರ ಮಾತ ಕೇಳಬೇಕ ಈಗ

---

ಪೀಣ್ಯ_ಸೆಕೆಂಡ್_ಸ್ಟೇಜ್

ಇಬ್ಬರದೂ ಕೇಳಿದೀನಿ. ಪಾಸ್ ತಗೊಳ್ಳಲ್ಲ, ಆರ್ಡರ್ ಬರೋ ತನಕ ದಿನಾ ಟಿಕೆಟ್ ತಗೊಂಡು ಹೋಗ್ತೀನಿ. ಹದಿನೈದನೇ ತಾರೀಕೊಳಗೆ ಫ್ರೀ ಆದ್ರೆ ನನಗೆ ಲಾಭ, ಆಗ್ಲಿಲ್ಲ ಅಂದ್ರೆ ಉಳಿದ ಟಿಕೆಟ್ ದುಡ್ಡು ವಾಸು ಅವರು ಕೊಡ್ಲಿ.